ಕೆಂಪುಕಡ್ಡಿಯೂ ಹಳದಿಹೂವೂ

೩೦ ಜುಲೈ ೧೯೭೮, ಭಾನುವಾರ

ಯಲಬುರ್ಗಾ ಕಡೆಯ ರೈತ ಮುದುಕಪ್ಪ ಬೆಳಗಿನ ಬಸ್ಸಿಗೆ ಕುಷ್ಟಗಿಯಲ್ಲಿ ಇಳಿದು, ಅಲ್ಲಿಂದ ಮೂರು ಮೈಲಿ ನಡೆದು ನಮ್ಮ ಬೀಜದ ಫಾರ್ಮಿಗೆ ಬಂದಿದ್ದ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಐದು ಹತ್ತಿ ಗಿಡಗಳನ್ನು ಬೇರುಸಮೇತ ನನ್ನ ಮೇಜಿನ ಮೇಲಿಟ್ಟ.

"ಸರ, ಇದು ನೀವು ಕೊಟ್ಟ ಹೈಬ್ರೀಡ್ ನೋಡ್ರಿ."

ಬಿತ್ತಿ ಐವತ್ತು ದಿನವಾಗಿದೆ. ಮೊಣಕಾಲು ದಾಟಬೇಕಾದ ಗಿಡ ಗೇಣುದ್ದ ಇದೆ. ಗೆಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಎಲೆ ಮುರುಟಿದೆ. ಎಳೆಯ ಕಾಂಡದ ಮೇಲೆ ತೊಗಟೆ ಬಿರಿದು, ಎಷ್ಟೋ ವರ್ಷದ ಮುದಿ ಜಾಲಿಯ ಹಾಗೆ ಒರಟಾಗಿದೆ.

"ಎಲ್ಲವೂ ಹೀಗೇನಾ?"

"ಎರಡೂ ಎಕರೆ. ಒಂದು ಗಿಡಾನೂ ಬಿಡದಂಗ."

ಭೂಮಿಯಲ್ಲಿ ಏನೋ ದೋಷ ಇರಬೇಕು, ಬುಧವಾರ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ಗಿಡಗಳನ್ನು ಬಹಳ ಹೊತ್ತು ನೋಡಿದೆ. ಇದು ಮೂರು ವರ್ಷದ ನನ್ನ ಕೆಲಸ. ತಾಯಿ ಗಿಡ ಅಮೆರಿಕನ್ ಹತ್ತಿ. ಕಾಂಡ ಕೆಂಪಗಿರುವುದರಿಂದ ಫಾರ್ಮಿನ ಹೆಂಗಸರು ಅದನ್ನು ಕೆಂಪುಕಡ್ಡಿ ಎನ್ನುತ್ತಾರೆ. ತಂದೆ ಗಿಡ ಈಜಿಪ್ಟಿನ ಉದ್ದ ಎಳೆಯ ಹತ್ತಿ. ಅದರ ಹೆಸರು ಹಳದಿಹೂವು. ಎರಡೂ ಎದೆಯೆತ್ತರ ಬೆಳೆಯುತ್ತವೆ, ಎರಡಕ್ಕೂ ಒಂದು ಕಾಯಿಲೆ ಇಲ್ಲ. ದೂರದೂರದ ಎರಡು ತಳಿ ಕೂಡಿದರೆ ಮಗು ಇಬ್ಬರನ್ನೂ ಮೀರಿಸುತ್ತದೆ. ಇದು ಪುಸ್ತಕದ ಮಾತು, ಹೊಲದ ಮಾತೂ ಹೌದು. ನಮ್ಮ ಉಳಿದ ಜೋಡಿಗಳೆಲ್ಲ ಹಾಗೇ ಬಂದಿವೆ. ತಪ್ಪು ಜೋಡಿಯಲ್ಲಿಲ್ಲ. ನನಗೆ ಗೊತ್ತು.

೨ ಆಗಸ್ಟ್, ಬುಧವಾರ

ಮುದುಕಪ್ಪನ ಹೊಲ ಎರೆಭೂಮಿ, ಏನೂ ಹೇಳುವ ಹಾಗಿಲ್ಲ. ಬದುವಿನ ಈಚೆ ಅವನದೇ ಹಳೆಯ ಹತ್ತಿ ನಾಲ್ಕು ಸಾಲು ಇದೆ. ಅದೇ ದಿನ ಬಿತ್ತಿದ್ದು, ಅದೇ ಗೊಬ್ಬರ, ಸೊಗಸಾಗಿ ಎದ್ದಿದೆ. ಅದರ ಪಕ್ಕದಲ್ಲಿ ನಮ್ಮ ಎರಡು ಎಕರೆ, ಕುಳ್ಳಗೆ, ನೆಲ ಹಿಡಿದುಕೊಂಡು ಕೂತಿದೆ. ಕಿತ್ತು ಬೇರು ನೋಡಿದೆ. ಹುಳವಿಲ್ಲ, ಕೊಳೆಯಿಲ್ಲ.

ಮಣ್ಣಲ್ಲ, ನೀರಲ್ಲ, ಹುಳವಲ್ಲ. ಹಾಗಾದರೆ ಉಳಿಯುವುದು ಒಂದೇ. ಕೈ.

ಕಳೆದ ವರ್ಷ ಈ ಜೋಡಿಯನ್ನು ಪರಾಗ ಕೂಡಿಸಿ ಕಟ್ಟಿದ್ದು ಪೂರ್ತಿ ಹುಲಗೆಮ್ಮ ಒಬ್ಬಳೇ. ಎಂಟು ಜನ ಹೆಂಗಸರಲ್ಲಿ ಅವಳ ಬೆರಳೇ ನಯವಾದದ್ದು ಎಂದು ನಾನೇ ಅವಳಿಗೆ ವಹಿಸಿದ್ದೆ. ಸುತ್ತ ನಿಂತವರ ಮುಂದೆ ಅದನ್ನು ಹೇಳಿದೆ.

"ಹುಲಗೆಮ್ಮ ಅಂದ್ರಿ?" ಮುದುಕಪ್ಪ ಸರಕ್ಕನೆ ತಿರುಗಿದ. "ಯಾವ ಹುಲಗೆಮ್ಮ? ಕುಷ್ಟಗ್ಯಾಗ ಅಣ್ಣನ ಮನ್ಯಾಗ ಅದಾಳಲ್ಲ, ಆಕಿ ಏನ್ರಿ? ನಮ್ಮೂರಿಗೇ ಕೊಟ್ಟಿದ್ರು ಆಕೀನ."

ಗುಂಪಿನಲ್ಲಿ ಒಬ್ಬ ಮುದುಕಿ ಇದ್ದಳು, ಭೀಮಕ್ಕ ಅಂತ. ಹುಲಗೆಮ್ಮನ ಅತ್ತೆಯಾಗಿದ್ದವಳಂತೆ. ಅವಳು ಗಿಡದ ಕಡೆ ಕೈ ತೋರಿಸಿ, "ಮತ್ತೇನಾಗ್ತೈತಿ? ಆಕಿ ಕೈಯಾಗ ಏನೂ ಉಳಿಯೂದಿಲ್ಲ. ಮೂರು ಕೂಸು ಉಳೀಲಿಲ್ಲ, ಹತ್ತಿ ಉಳಿದೀತೇನು?" ಎಂದಳು. ಸುತ್ತಲಿದ್ದವರು ತಲೆಯಾಡಿಸಿದರು.

ನನಗೆ ನಗು ಬಂತು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಒಂಬತ್ತು ವರ್ಷವಾಯಿತು, ಇವರು ಇನ್ನೂ ಕೈಗುಣದಲ್ಲಿ ಇದ್ದಾರೆ.

೫ ಆಗಸ್ಟ್, ಶನಿವಾರ

ಅವಳನ್ನು ಕರೆಸಿ ಕೇಳಿದೆ. ಈಶಪ್ಪ ಸಾಹುಕಾರರೂ ಇದ್ದರು. ಹತ್ತಿ ವ್ಯಾಪಾರದ ಮನೆತನ ಅವರದು. ಈ ಬೀಜದ ಫಾರ್ಮು ಶುರು ಮಾಡಿದ್ದೇ ನನ್ನ ಓದನ್ನು ನಂಬಿ.

"ಸಂಜೆ ಮೊಗ್ಗು ಬಿಡಿಸಿದ ಮೇಲೆ ಕಾಗದದ ಚೀಲ ಹಾಕೋದು ಮರೆತಿದ್ದೆ ಅಲ್ಲವೇನು? ಬದುವಿನ ಮೇಲಿನ ಕಾಡು ಹತ್ತಿಯ ಪರಾಗ ಬಿದ್ದಿದೆ."

"ಇಲ್ರಿ ಸರ. ಒಂದೂ ಮರತಿಲ್ಲ."

"ಮತ್ತೆ ಹೀಗೆ ಯಾಕಾಯಿತು? ನೀನೇ ಹೇಳು."

"ನಾ ಹೆಂಗ ಹೇಳ್ಲಿರಿ? ನೀವು ಓದಿದವ್ರು. ಈ ಗಂಡು ಇದಕ್ಕ ಕೂಡ್ಸು ಅಂದ್ರಿ, ಕೂಡ್ಸೀನಿ."

ಉತ್ತರ ಸ್ವಲ್ಪ ಉದ್ಧಟತನದ್ದು ಅನ್ನಿಸಿತು. ವರದಿ ಬರೆದೆ. "ಸಂಕರ ಕಾರ್ಯದಲ್ಲಿ ನಿರತಳಾದ ಕೂಲಿ ಹೆಂಗಸಿನ ನಿರ್ಲಕ್ಷ್ಯದಿಂದ ಅನ್ಯ ಪರಾಗ ಸೇರಿದ್ದು." ಒಂದೇ ವಾಕ್ಯ. ಸಾಹುಕಾರರು ಎರಡು ಸಲ ಓದಿ, ಛಲೋ ಬರದೀರಿ ಅಂದರು. ಅವಳನ್ನು ಇವತ್ತಿಗೇ ಬಿಡಿಸಿದರು.

೧೭ ಆಗಸ್ಟ್, ಗುರುವಾರ

ಫಾರ್ಮಿನಲ್ಲಿ ಹೂ ಬಿಡಲು ಶುರುವಾಗಿದೆ. ಒಂದು ಯೋಚನೆ ಬಂದಿದೆ. ಅದೇ ಜೋಡಿಯನ್ನು ಈ ಸಲ ನನ್ನ ಕೈಯಿಂದಲೇ ಕಟ್ಟುತ್ತೇನೆ. ಬೀಜ ಮಾಗಿದ ಕೂಡಲೇ ಕುಂಡದಲ್ಲಿ ಬಿತ್ತಿ, ಗಿಡ ಎದೆಯೆತ್ತರ ಬೆಳೆದಾಗ ಮುದುಕಪ್ಪನ ಊರಿಗೆ ತೆಗೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ಜೋಡಿ ಸರಿ ಇತ್ತು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಸಂಜೆ ನಾಲ್ಕರ ಮೇಲೆ ಕೂತೆ. ನಾಳೆ ಅರಳುವ ಮೊಗ್ಗನ್ನು ಹುಡುಕಿ, ಎಸಳು ಬಿಡಿಸಿ, ಒಳಗಿನ ಕೇಸರಗಳನ್ನೆಲ್ಲ ಉಗುರಿನಿಂದ ತೆಗೆಯಬೇಕು. ನಡುವಿನ ಕಡ್ಡಿಗೆ ಗಾಯವಾಗಬಾರದು. ಕೆಂಪು ಕಾಗದದ ಚೀಲ ಹಾಕಿಟ್ಟು ಮರುದಿನ ಬೆಳಿಗ್ಗೆ ತಂದೆ ಗಿಡದ ಹೂವನ್ನು ತಂದು ಒರೆಸಬೇಕು. ನಾಲ್ಕು ವರ್ಷದಿಂದ ಇದನ್ನು ಹೇಳಿಕೊಡುತ್ತಿದ್ದೇನೆ. ಇವತ್ತು ನಲವತ್ತು ಮೊಗ್ಗು ಬಿಡಿಸುವಷ್ಟರಲ್ಲಿ ಬೆರಳು ಮರಗಟ್ಟಿತು.

೨೧ ಆಗಸ್ಟ್, ಸೋಮವಾರ

ನಲವತ್ತರಲ್ಲಿ ಮೂವತ್ತೊಂದು ಉದುರಿವೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿರಿಯಳಾದ ಕನಕಮ್ಮ, "ಸರ, ಮೊಗ್ಗು ಅಂದ್ರ ಅಂಗಿ ಗುಂಡಿ ಅಲ್ರಿ, ಹಂಗ ಜಗ್ಗಬ್ಯಾಡ್ರಿ" ಅಂದಳು. ಆಮೇಲೆ ತನ್ನಷ್ಟಕ್ಕೆ ಅಂದಂತೆ, "ಹುಲಗಿ ಬಿಡಿಸಿದ್ರ ನೂರಕ್ಕ ಎಂಬತ್ತು ಹಿಡೀತಿದ್ವು."

ನಾನು ಕೇಳದಿದ್ದರೂ ಹೇಳಿದಳು. ಹುಲಗೆಮ್ಮನಿಗೆ ಮೂರು ಕೂಸು ಹುಟ್ಟಿದವು. ಹುಟ್ಟಿದಾಗ ಚೆನ್ನಾಗಿರುತ್ತಿದ್ದವು, ಆರು ತಿಂಗಳಿಗೆ ಬೆಳವಣಿಗೆ ನಿಂತುಬಿಡುತ್ತಿತ್ತು. ಒಂದೂ ವರ್ಷ ತುಂಬಲಿಲ್ಲ. ಗಂಡ ಬೇರೆ ಮದುವೆಯಾದ. ಎರಡನೆಯವಳಲ್ಲಿ ಇಬ್ಬರು ಗಟ್ಟಿ ಮಕ್ಕಳು. "ಹಂಗಾಗಿ ತಪ್ಪು ಆಕೀದಽ ಅಂತ ಊರಾಗ ಖಾತ್ರಿ ಆತ್ರಿ."

ಇದಕ್ಕೂ ಹತ್ತಿಗೂ ಸಂಬಂಧವಿಲ್ಲ.

೨೬ ಆಗಸ್ಟ್, ಶನಿವಾರ

ಈಗ ಕೈ ಸ್ವಲ್ಪ ಪಳಗಿದೆ. ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಬಾರದು ಎಂದು ಧಾರವಾಡದ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆದ್ದರಿಂದ ನಾಲ್ಕು ಬಗೆ ಮಾಡಿದ್ದೇನೆ. ಕೆಂಪುಕಡ್ಡಿ ತಾಯಿ, ಹಳದಿಹೂವು ತಂದೆ. ಅದನ್ನೇ ತಿರುಗಿಸಿ, ಹಳದಿಹೂವು ತಾಯಿ, ಕೆಂಪುಕಡ್ಡಿ ತಂದೆ. ಮೂರನೆಯದು ಕೆಂಪುಕಡ್ಡಿಗೆ ಬೇರೊಂದು ಈಜಿಪ್ಟಿನ ಗಂಡು. ನಾಲ್ಕನೆಯದು ಹಳದಿಹೂವಿಗೆ ಬೇರೊಂದು ಅಮೆರಿಕನ್ ಹೆಣ್ಣು. ಚೀಲದ ಮೇಲೆ ಚೀಲ ಹಾಕಿದ್ದೇನೆ, ಇರುವೆ ಸಹ ಒಳಗೆ ಹೋಗದ ಹಾಗೆ.

೧೨ ಸೆಪ್ಟೆಂಬರ್, ಮಂಗಳವಾರ

ಕಾಯಿ ಕಟ್ಟಿವೆ.

ಹುಲಗೆಮ್ಮನನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲವಂತೆ. ಬಿತ್ತುವ ಬೀಜ ಮುಟ್ಟಬೇಡ ಅನ್ನುತ್ತಾರಂತೆ. ಸೇಂಗಾ ಸುಲಿಯುವಲ್ಲಿ ಸಹ ಎಬ್ಬಿಸಿ ಕಳಿಸಿದರಂತೆ. ಕನಕಮ್ಮ ಹೇಳಿದಾಗ, ನಾನು ನಿರ್ಲಕ್ಷ್ಯ ಅಂತ ಬರೆದದ್ದು, ಅಪಶಕುನ ಅಂತಲ್ಲ ಎಂದೆ.

"ಎರಡಕ್ಕೂ ಏನು ಫರಕ್ ಐತ್ರಿ?" ಅಂದಳು.

ಓದಿಲ್ಲದವರಿಗೆ ಬಿಡಿಸಿ ಹೇಳುವುದು ಕಷ್ಟ.

೨೨ ಸೆಪ್ಟೆಂಬರ್, ಶುಕ್ರವಾರ

ಹೇಮಗುಡ್ಡದ ದುರ್ಗಮ್ಮನ ಗುಡಿಯಿಂದ ಈಗ ಬಂದೆ. ಹೋಗಬಾರದಿತ್ತು.

ಮುದುಕಪ್ಪ ಪಟ್ಟು ಹಿಡಿದಿದ್ದ. ಆಕೆ ಬೇಕಂತಲೇ ಕೆಡಿಸಿದ್ದಾಳೆ, ತನ್ನನ್ನು ಹೊರಹಾಕಿದ ಊರಿನ ಮೇಲಿನ ಸಿಟ್ಟಿಗೆ ಮಾಡಿದ್ದಾಳೆ, ಇಲ್ಲವೆಂದರೆ ದುರ್ಗಮ್ಮನ ಮುಂದೆ ಆಣೆ ಮಾಡಲಿ ಅಂತ. ಸಾಹುಕಾರರು ಒಪ್ಪಿದರು. ಆಣೆಯಾದರೆ ಗಲಾಟೆ ಮುಗಿಯುತ್ತದೆ, ಫಾರ್ಮಿನ ಹೆಸರು ಉಳಿಯುತ್ತದೆ ಎಂದು ಅವರ ಲೆಕ್ಕ. ಗಂಗಾವತಿಯ ಮೇಲಿಂದ ಅವರ ಜೀಪಿನಲ್ಲಿ ಹೋದೆವು. ಹುಲಗೆಮ್ಮ ತನ್ನ ಅಣ್ಣನ ಜೊತೆ ಬಸ್ಸಿಗೆ ಬಂದಿದ್ದಳು. ಮುದುಕಪ್ಪನ ಊರಿನಿಂದ ಹತ್ತು ಹದಿನೈದು ಜನ, ಭೀಮಕ್ಕನೂ ಇದ್ದಳು.

ಗುಡಿಯ ಮುಂದೆ ಒದ್ದೆ ಸೀರೆಯಲ್ಲಿ ನಿಲ್ಲಿಸಿದರು. ಬಲ ಅಂಗೈ ಮೇಲೆ ಕರ್ಪೂರ ಇಟ್ಟು ಹಚ್ಚಿದರು. ಮೊಗ್ಗು ಬಿಡಿಸುವ ಬೆರಳುಗಳು. ಬೆಂಕಿಯ ಸುತ್ತ ಅವು ಮೆಲ್ಲಗೆ ಮುದುರುತ್ತಿದ್ದವು, ಆಕೆ ಮತ್ತೆ ಬಿಡಿಸುತ್ತಿದ್ದಳು.

"ಹತ್ತಿ ಕೆಡಿಸಿಲ್ಲ. ಚೀಲ ಹಾಕೂದು ಮರತಿಲ್ಲ. ನಾ ಸುಳ್ಳು ಹೇಳಿದ್ರ ನಮ್ಮವ್ವ ದುರ್ಗವ್ವ ಈ ಕೈ ಇಲ್ಲೇ ತೊಗೊಳ್ಲಿ."

ಕರ್ಪೂರ ಪೂರ್ತಿ ಉರಿಯುವವರೆಗೆ ಕೈ ಕೆಳಗಿಳಿಸಲಿಲ್ಲ. ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

"ಸರ, ಈಗ ನೀವು ಮಾಡ್ರಿ ಆಣಿ. ನಾ ತಪ್ಪು ಮಾಡಿದ್ದು ನೀವು ಕಣ್ಣಾರೆ ನೋಡೀರಿ ಅಂತ. ಬರದೀರಲ್ಲ ಪೇಪರದಾಗ."

ಎಲ್ಲರೂ ನನ್ನನ್ನೇ ನೋಡಿದರು. ಇಂಥದರಲ್ಲಿ ನನಗೆ ನಂಬಿಕೆ ಇಲ್ಲ ಎಂದೆ. ಅದು ನಿಜವೇ. ಸಾಹುಕಾರರು ಭುಜ ಹಿಡಿದು ಜೀಪಿನ ಕಡೆ ಕರೆದುಕೊಂಡು ಹೋದರು. ಹಿಂದೆ ಯಾರೋ ಒಬ್ಬರು, "ಮಾಡಾಕ ಏನಾಗಿತ್ತಂತ ಅವ್ಗ?" ಅಂದದ್ದು ಕೇಳಿಸಿತು.

ನನಗೆ ನಂಬಿಕೆ ಇಲ್ಲ, ಅಷ್ಟೇ.

೨೩ ಸೆಪ್ಟೆಂಬರ್, ಶನಿವಾರ

ಹೊಲಕ್ಕೆ ಹೋಗಲಿಲ್ಲ.

೨೨ ಅಕ್ಟೋಬರ್, ಭಾನುವಾರ

ಮೊದಲ ಕಾಯಿಗಳು ಒಡೆದವು. ಬೀಜ ಬಿಡಿಸಿ ಒಣಗಿಸಿ ಇವತ್ತು ಕುಂಡಗಳಲ್ಲಿ ಊರಿದೆ. ನಾಲ್ಕು ಬಗೆ, ಒಂದೊಂದು ಬಗೆಗೆ ಹನ್ನೆರಡು ಕುಂಡ. ಒಂದೇ ಮಣ್ಣು, ಒಂದೇ ಬಾವಿಯ ನೀರು. ನೀರು ನಾನೇ ಹಾಕುತ್ತೇನೆ. ಬೇರೆ ಯಾರೂ ಮುಟ್ಟಬಾರದು ಎಂದು ಹೇಳಿದ್ದೇನೆ.

೧೯ ನವೆಂಬರ್, ಭಾನುವಾರ

ನಲವತ್ತೆಂಟರಲ್ಲಿ ನಲವತ್ತೈದು ಹುಟ್ಟಿವೆ, ನಾಲ್ಕೆಲೆ ಬಂದಿವೆ. ನಾಲ್ಕು ಬಗೆಯೂ ಒಂದೇ ಹಸಿರು, ಒಂದೇ ಎತ್ತರ. ಗುರುತಿನ ಚೀಟಿ ಇಲ್ಲದಿದ್ದರೆ ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ.

ನಾನು ಹೇಳಿದ್ದೇ ಸರಿ. ಸಾಹುಕಾರರಿಗೆ ತೋರಿಸಿದೆ. ಸಂತೋಷಪಟ್ಟರು. ಕಳೆದ ವರ್ಷದ ಈ ಜೋಡಿಯ ಬೀಜ ಇನ್ನೂ ಎರಡು ಚೀಲ ಉಗ್ರಾಣದಲ್ಲಿದೆ.

೩ ಡಿಸೆಂಬರ್, ಭಾನುವಾರ

ಕೆಂಪುಕಡ್ಡಿ–ಹಳದಿಹೂವಿನ ಕುಂಡಗಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನ ಅನ್ನಿಸುತ್ತದೆ. ಚಳಿ ಇರಬಹುದು.

೫ ಡಿಸೆಂಬರ್, ಮಂಗಳವಾರ

ಚಳಿಯೇ ಇದ್ದರೆ ಪಕ್ಕದ ಕುಂಡಗಳಿಗೂ ಚಳಿ ಇದೆಯಲ್ಲ.

೯ ಡಿಸೆಂಬರ್, ಶನಿವಾರ

ಬೆಳಿಗ್ಗೆ ಮೂರನೆಯ ಕುಂಡದ ಗಿಡವನ್ನು ಬೆರಳಿನಿಂದ ಸವರಿದೆ. ಕಾಂಡದ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳು ಕೈಗೆ ಹತ್ತಿದವು. ಮಧ್ಯಾಹ್ನ ಮತ್ತೆ ಸವರಿದೆ. ಸಂಜೆ ಮತ್ತೆ. ಊಟ ಸೇರಲಿಲ್ಲ.

೧೬ ಡಿಸೆಂಬರ್, ಶನಿವಾರ

ಬರೆದಿಡುತ್ತೇನೆ.

ಕೆಂಪುಕಡ್ಡಿ ತಾಯಿ, ಹಳದಿಹೂವು ತಂದೆ: ಹುಟ್ಟಿದ ಹನ್ನೊಂದೂ ಕುಳ್ಳು, ತೊಗಟೆ ಬಿರಿದಿದೆ. ತಿರುಗಿಸಿ ಕಟ್ಟಿದ್ದು: ಹನ್ನೆರಡೂ ಹಾಗೇ. ಕೆಂಪುಕಡ್ಡಿಗೆ ಬೇರೆ ಗಂಡು: ಎಲ್ಲವೂ ಮೊಣಕಾಲಿಗೆ ಬಂದಿವೆ, ಕಾಂಡ ನುಣುಪು. ಹಳದಿಹೂವಿಗೆ ಬೇರೆ ಹೆಣ್ಣು: ಎಲ್ಲವೂ ಇನ್ನೂ ಎತ್ತರ.

ಮೊಗ್ಗು ಬಿಡಿಸಿದ್ದು ನಾನು. ಚೀಲ ಹಾಕಿದ್ದು ನಾನು. ಪರಾಗ ಒರೆಸಿದ್ದು, ಬೀಜ ಊರಿದ್ದು, ನೀರು ಹಾಕಿದ್ದು ನಾನು. ಬೇರೆ ಯಾವ ಕೈಯೂ ಮುಟ್ಟಿಲ್ಲ.

೨೭ ಡಿಸೆಂಬರ್, ಬುಧವಾರ, ಧಾರವಾಡ

ಮೇಷ್ಟ್ರು ನಿವೃತ್ತರಾಗಿದ್ದಾರೆ, ಆದರೆ ಕಾಲೇಜಿನ ಗ್ರಂಥಾಲಯದಲ್ಲಿ ಅವರಿಗೊಂದು ಕುರ್ಚಿ ಇನ್ನೂ ಇದೆ. ಎರಡು ಕುಂಡ ಹೊತ್ತುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಕನ್ನಡಕ ಮೇಲೇರಿಸಿ ಕಾಂಡ ನೋಡಿದರು, ಉಗುರಿನಿಂದ ಕೆರೆದರು.

"ಇದು ಹೊಸದಲ್ಲೋ ತಿರುಪತಿ. ಅಮೆರಿಕದವರು ಮೂವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ."

ಹಳೆಯ ಸಂಪುಟ ತೆಗೆಸಿ ತೋರಿಸಿದರು. ಅಮೆರಿಕನ್ ಹತ್ತಿಯ ಕೆಲವು ತಳಿಗಳಲ್ಲಿ ಒಂದು ಅಂಶವಿರುತ್ತದೆ. ಈಜಿಪ್ಟಿನ ಹತ್ತಿಯ ಕೆಲವು ತಳಿಗಳಲ್ಲಿ ಇನ್ನೊಂದು. ತಮ್ಮ ತಮ್ಮ ಗಿಡದಲ್ಲಿ ಅವು ಏನೂ ಕೇಡು ಮಾಡುವುದಿಲ್ಲ. ಸಾವಿರ ವರ್ಷ ಸುಮ್ಮನೆ ಇದ್ದಾವು. ಎರಡೂ ಒಂದೇ ಮಗುವಿನಲ್ಲಿ ಸೇರಿದಾಗ ಮಾತ್ರ ತೊಗಟೆ ಹೀಗೆ ಬಿರಿಯುತ್ತದೆ, ಗಿಡ ಕುಳ್ಳಾಗುತ್ತದೆ, ಹೂ ಬಂಜೆಯಾಗುತ್ತದೆ.

"ಹಾಗಾದರೆ ತಪ್ಪು ಯಾವುದರದ್ದು, ಸರ್? ತಾಯಿಯದೋ ತಂದೆಯದೋ?"

"ಪ್ರಶ್ನೆಯೇ ತಪ್ಪು. ಎರಡೂ ಒಳ್ಳೆಯ ಗಿಡ."

"ಸೇರಿದಾಗ ಒಳಗೆ ಏನಾಗುತ್ತದೆ?"

ಅವರು ಸಂಪುಟ ಮುಚ್ಚಿದರು. "ಯಾರಿಗೆ ಗೊತ್ತು? ಬೀಜದಲ್ಲಿ ಏನು ಬರೆದಿದೆ ಅನ್ನೋದು ಅರ್ಧ. ಆ ಬರಹವನ್ನು ಗಿಡ ಯಾವಾಗ ಓದಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ಇನ್ನರ್ಧ. ಬೇರೆ ಬೇರೆ ಮನೆಯ ಎರಡು ಬರಹ ಸೇರಿದಾಗ ಆ ಓದೇ ಹದಗೆಡುತ್ತೋ ಏನೋ. ನಿನ್ನ ಮಕ್ಕಳ ಕಾಲಕ್ಕೆ ತಿಳಿದೀತು."

ಹೊರಡುವಾಗ, ಈ ಬೀಜ ಯಾರಿಗಾದರೂ ಕೊಟ್ಟಿದ್ದೀಯೇನು ಎಂದು ಕೇಳಿದರು. ಒಬ್ಬ ರೈತನಿಗೆ ಎಂದೆ. ಹುಲಗೆಮ್ಮನ ವಿಷಯ ಹೇಳಲಿಲ್ಲ.

೨ ಜನವರಿ ೧೯೭೯, ಮಂಗಳವಾರ

ಸಾಹುಕಾರರ ಮುಂದೆ ಕುಂಡಗಳನ್ನಿಟ್ಟು ಎಲ್ಲ ಹೇಳಿದೆ. ವರದಿ ತಿದ್ದಬೇಕು ಎಂದೆ. ಅವರು ಶಾಂತವಾಗಿ ಎಲೆ ಅಡಿಕೆ ಹಾಕಿಕೊಂಡರು.

"ತಿರುಪತಿ, ಕೂಲಿ ಹೆಣ್ಮಗಳ ಕೈ ತಪ್ಪಿತ್ತು ಅಂದ್ರ ಒಂದು ಮಾತಿನಾಗ ಮುಗೀತು. ಜೋಡೀನಽ ತಪ್ಪು ಅಂದ್ರ ನಾಳೆ ನಮ್ಮ ಬೀಜ ಯಾರು ಮುಟ್ತಾರ?"

"ಆಕೆಗೆ ಯಾರೂ ಕೆಲಸ ಕೊಡ್ತಿಲ್ಲ."

"ಆಣಿ ಮಾಡ್ಯಾಳಲ್ಲ, ತೀರಿತು. ಬ್ಯಾರೆ ಕಡೆ ಹೋಗ್ಲಿ."

"ಉಗ್ರಾಣದ ಎರಡು ಚೀಲ?"

"ಗಂಗಾವತಿ ಕಡೆ ಕೊಡೂಣು. ಕಾಲುವಿ ನೀರಿನಾಗ ಎದ್ದೀತು."

ಏಳುವುದಿಲ್ಲ, ಯಾವ ನೀರಿಗೂ ಏಳುವುದಿಲ್ಲ ಎಂದೆ. ಅವರು ತಲೆಯೆತ್ತಿದರು. "ನಿಮ್ಮನ್ನ ನಂಬಿ ಫಾರ್ಮು ಕಟ್ಟೀನಿ. ಮರೀಬ್ಯಾಡ್ರಿ." ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗಂಗಾವತಿಯ ಅಂಗಡಿಗೆ ಹೋದ ಬೀಜ ನಮ್ಮ ಊರು ಸಿದ್ದಾಪುರಕ್ಕೂ ಹೋಗುತ್ತದೆ. ನಮ್ಮ ಅಪ್ಪ ಬೀಜ ತರುವುದು ಅಲ್ಲಿನ ಸಂತೆಯಿಂದಲೇ.

೭ ಜನವರಿ, ಭಾನುವಾರ

ಹುಲಗೆಮ್ಮನ ಅಣ್ಣನ ಮನೆಗೆ ಹೋಗಿದ್ದೆ. ನಾಲ್ಕು ಬಗೆಯಲ್ಲಿ ಒಂದೊಂದು ಕುಂಡ ಬಾಡಿಗೆ ಸೈಕಲ್ಲಿನ ಮೇಲೆ ಕಟ್ಟಿಕೊಂಡಿದ್ದೆ. ಆಕೆ ಅಂಗಳದಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದರು, ಎಡಗೈಯಿಂದ. ನನ್ನನ್ನು ನೋಡಿ ಏಳಲಿಲ್ಲ.

"ವರದಿ ತಪ್ಪಾಗಿತ್ತು. ನಿಮ್ಮ ಕೈಯಿಂದ ಏನೂ ಆಗಿಲ್ಲ."

"ಅದು ನನಗ ಗೊತ್ತೈತ್ರಿ."

"ಮುದುಕಪ್ಪನ ಊರಿಗೆ ಹೋಗಿ ಚಾವಡಿಯಲ್ಲಿ ಎಲ್ಲರ ಮುಂದೆ ಹೇಳಬೇಕು ಅಂತಿದ್ದೇನೆ. ನೀವೂ ಬರಬೇಕು."

"ಯಾಕ್ರಿ? ನೀವು ಅಂದದ್ದು ಪೇಪರದಾಗೈತಿ. ನಾ ಅಂದದ್ದು ಗುಡ್ಡದ ಮ್ಯಾಲೈತಿ. ಎರಡೂ ಅಲ್ಲಲ್ಲೇ ಇರ್ಲಿ ಬಿಡ್ರಿ."

ನಾನು ಕುಂಡಗಳನ್ನು ಇಳಿಸಿಟ್ಟೆ. ಅವರು ತಟ್ಟುತ್ತಲೇ ಇದ್ದರು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತರು. ಬಲ ಅಂಗೈಯಲ್ಲಿ ಚರ್ಮ ಬಿಳಿಚಿ ಬಿಗಿದುಕೊಂಡಿದೆ. ಬೆರಳು ಪೂರ್ತಿ ಚಾಚುವುದಿಲ್ಲ. ಅದೇ ಕೈಯಿಂದ ಕುಳ್ಳ ಗಿಡದ ಕಾಂಡ ಸವರಿದರು.

"ಇದನ್ನ ಯಾರು ಕಟ್ಟಿದ್ದು?"

"ನಾನೇ."

"ಕೆಂಪುಕಡ್ಡಿಗೆ ಹಳದಿಹೂವು." ನನ್ನ ಚೀಟಿ ನೋಡದೆ ಹೇಳಿದರು. "ಈ ಎತ್ತರದ್ದು?"

"ಕೆಂಪುಕಡ್ಡಿಗೇ, ಬೇರೆ ಗಂಡು."

"ಇದು?"

"ಹಳದಿಹೂವಿಗೆ ಬೇರೆ ಹೆಣ್ಣು."

ಮೂರನೆಯದನ್ನು ಮುಟ್ಟಿದರು, ನಾಲ್ಕನೆಯದನ್ನು ಮುಟ್ಟಿದರು, ಮತ್ತೆ ಕುಳ್ಳ ಗಿಡಕ್ಕೆ ಬಂದರು. ಹಾಗೆ ಎಷ್ಟು ಸಲ ಮಾಡಿದರೋ. ಒಳಗಿನಿಂದ ಅತ್ತಿಗೆ ಕರೆದರೂ ಓ ಅನ್ನಲಿಲ್ಲ.

"ಯಾವಾಗ ಹೋಗೂದ್ರಿ?" ಎಂದರು.

೧೧ ಜನವರಿ, ಗುರುವಾರ

ಹೋಗಿ ಬಂದೆವು. ಎಲ್ಲವನ್ನೂ ಬರೆಯಬೇಕು.

ಚಾವಡಿ ಕಟ್ಟೆಯ ಮೇಲೆ ಮೂವತ್ತು ನಲವತ್ತು ಜನ. ಮುದುಕಪ್ಪನ ಮುಖ ಗಂಟಿಕ್ಕಿತ್ತು. "ಆಕೀನ್ಯಾಕ ಕರಕೊಂಡು ಬಂದೀರಿ?" ಎಂದ. ಹೆಂಗಸರು ದೂರದಲ್ಲಿ ನಿಂತಿದ್ದರು. ಭೀಮಕ್ಕ ಮುಂದೆ. ಒಬ್ಬ ಗಂಡಸು ಹುಲಗೆಮ್ಮನವರನ್ನು ಕಂಡದ್ದೇ ಎದ್ದು ಬೇವಿನ ಮರದ ಹಿಂದೆ ಸರಿದ. ಗಂಡನಾಗಿದ್ದವನು ಅವನೇ ಎಂದು ಆಮೇಲೆ ತಿಳಿಯಿತು.

ನಾನು ಎದ್ದು ನಿಂತು ಹೇಳಿದೆ. ಕುಳ್ಳ ಗಿಡಗಳನ್ನು ನನ್ನ ಕೈಯಿಂದ ಕಟ್ಟಿದ್ದೇನೆ, ಅವೂ ಹಾಗೇ ಬಂದಿವೆ. ಜೋಡಿಯನ್ನು ಆರಿಸಿದ್ದು ನಾನು. ಮೊದಲು ನಾಲ್ಕು ಗಿಡ ಬೆಳೆಸಿ ನೋಡದೆ ಬೀಜ ಕೊಟ್ಟದ್ದು ನಾನು. ನೋಡದೇ ಇದ್ದದ್ದನ್ನು ನೋಡಿದ ಹಾಗೆ ಬರೆದದ್ದೂ ನಾನು. ಉಗ್ರಾಣದಲ್ಲಿ ಇನ್ನೂ ಎರಡು ಚೀಲ ಇದೆ, ಯಾವ ಅಂಗಡಿಯಲ್ಲಿ ಸಿಕ್ಕರೂ ಯಾರೂ ಬಿತ್ತಬೇಡಿ.

"ಅಂದ್ರ ಈ ವರ್ಷ ನನ್ನ ಹೊಲ ಹಾಳಾದದ್ದು ನಿಮ್ಮಿಂದ?" ಎಂದ ಮುದುಕಪ್ಪ.

"ನನ್ನಿಂದ."

ಹೊಡೆಯುತ್ತಾನೆ ಅಂದುಕೊಂಡೆ. ಎದ್ದು ಹತ್ತಿರ ಬಂದವನು ನನ್ನನ್ನು ಸುಮ್ಮನೆ ನೋಡಿದ. "ಆ ಗುಡ್ಡದ ಮ್ಯಾಲ ಹೇಳಬೇಕಿತ್ತಲ್ರಿ ಇದನ್ನ" ಎಂದು ಹೋಗಿ ಕೂತ.

ಯಾರೋ ಕೂಗಿದರು, "ಎರಡೂ ಗಿಡ ಛಲೋ ಅಂತೀರಿ, ಹುಟ್ಟಿದ ಪಿಳ್ಳೆ ಹೆಂಗ ಕೆಡ್ತಾವ? ಒಂದರಾಗರ ಖೋಡಿ, ದೋಷ ಇರಬೇಕಲ್ಲ?"

ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಹುಲಗೆಮ್ಮ ಎದ್ದರು. ಕುಂಡಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ತುದಿಗೆ ತಂದಿಟ್ಟರು. ಎತ್ತರದ ಗಿಡ ಮುಟ್ಟಿ, "ಇದರವ್ವ ಕೆಂಪುಕಡ್ಡಿ. ಬ್ಯಾರೆ ಗಂಡಿನ ಕೂಡ ಹಿಂಗ ಬಂದೈತಿ" ಎಂದರು. ಇನ್ನೊಂದು ಎತ್ತರದ್ದು ಮುಟ್ಟಿ, "ಇದರಪ್ಪ ಹಳದಿಹೂವು. ಬ್ಯಾರೆ ಹೆಣ್ಣಿನ ಕೂಡ ಹಿಂಗ ಬಂದೈತಿ." ಆಮೇಲೆ ಕುಳ್ಳ ಗಿಡವನ್ನು ನಡುವೆ ಇಟ್ಟರು. "ಅದಽ ಕೆಂಪುಕಡ್ಡಿ, ಅದಽ ಹಳದಿಹೂವು. ಇಬ್ಬರೂ ಕೂಡಿದ್ರ ಇದು. ಖೋಡಿ ಯಾರದು ಅಂತ ನೀವಽ ಹೇಳ್ರಿ."

ಬೇವಿನ ಮರದ ಕಡೆ ಒಬ್ಬರಾದ ಮೇಲೆ ಒಬ್ಬರು ತಿರುಗಿ ನೋಡಿದರು. ಹತ್ತಿಯ ಮಾತು ಹತ್ತಿಯಲ್ಲೇ ನಿಲ್ಲಲಿಲ್ಲ ಎಂದು ನನಗೆ ಆಗ ತಿಳಿಯಿತು.

ಭೀಮಕ್ಕ ಮುಂದೆ ಬಂದಳು. ಬಗ್ಗಿ ಕುಳ್ಳ ಗಿಡದ ತೊಗಟೆ ಮುಟ್ಟಿ ನೋಡಿದಳು. ಅವಳು ಹುಲಗೆಮ್ಮನವರ ಮುಖ ನೋಡದೆ, ಸೆರಗು ತಲೆಗೆ ಎಳೆದುಕೊಂಡು ಮನೆ ಕಡೆ ಹೋದಳು. ಹುಲಗೆಮ್ಮನವರು ಅವಳು ಓಣಿ ತಿರುಗುವವರೆಗೆ ನೋಡುತ್ತಿದ್ದರು.

ನಾನು ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿ ಮುದುಕಪ್ಪನ ಕೈಗೆ ಕೊಟ್ಟೆ.

೧೩ ಜನವರಿ, ಶನಿವಾರ

ನಿನ್ನೆ ಸಾಹುಕಾರರು ಫಾರ್ಮಿನ ಬೀಗದಕೈ ಕೇಳಿ ಇಸಿದುಕೊಂಡರು. ಸುದ್ದಿ ಗಂಗಾವತಿಗೆ ನನಗಿಂತ ಮೊದಲೇ ಹೋಗಿದೆ. ಎರಡು ಚೀಲ ಬೇಡವೆಂದು ಅಂಗಡಿಯವರು ಹೇಳಿ ಕಳಿಸಿದರಂತೆ. ಪುಸ್ತಕಗಳನ್ನು ಕಟ್ಟಿದ್ದೇನೆ. ಸೋಮವಾರ ಸಿದ್ದಾಪುರಕ್ಕೆ.

ಕನಕಮ್ಮ ಬಂದಿದ್ದರು. ಬೇರೊಂದು ಊರಿನ ಬೀಜದವರು ಹುಲಗೆಮ್ಮನವರನ್ನು ಕರೆದಿದ್ದಾರಂತೆ, ಮೊಗ್ಗು ಬಿಡಿಸಲು ಅಲ್ಲ, ಬಿಡಿಸುವುದನ್ನು ಕಲಿಸಲು. ಬೆರಳು ಚಾಚದಿದ್ದರೂ ಕಣ್ಣು ಇದೆಯಲ್ಲ ಎಂದರು.

ಗುರುವಾರದ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಬರುವಾಗ ಬಸ್ಸಿನಲ್ಲಿ ಹುಲಗೆಮ್ಮನವರು ಕಿಟಕಿಯ ಹತ್ತಿರ ಕೂತಿದ್ದರು, ನಾನು ಹಿಂದಿನ ಸೀಟಿನಲ್ಲಿ. ಕುಷ್ಟಗಿ ಇನ್ನೇನು ಬಂತು ಅನ್ನುವಾಗ ತಿರುಗಿದರು.

"ಸರ, ಒಂದು ಕೇಳ್ಲೇನ್ರಿ? ಮನುಷಾರಾಗೂ ಹಿಂಗ ಆಗ್ತೈತೇನ್ರಿ? ನನ್ನ ಮೂರು ಕೂಸು..."

ಹೌದು ಅನ್ನಬಹುದಿತ್ತು. ಅವರಿಗೆ ಬೇಕಾಗಿದ್ದು ಅದೇ ಇರಬಹುದು, ನನ್ನ ಬಾಯಿಯ ತುದಿಗೂ ಬಂದಿತ್ತು. ಆದರೆ ನಾನು ನೋಡಿದ್ದು ಹತ್ತಿಯನ್ನು. ಆ ಮಕ್ಕಳನ್ನು ನಾನು ನೋಡಿಲ್ಲ.

"ನನಗೆ ಗೊತ್ತಿಲ್ಲ ಹುಲಗೆಮ್ಮನವರೇ" ಎಂದೆ. "ನಿಜವಾಗಿಯೂ ಗೊತ್ತಿಲ್ಲ."

ಬಸ್ಸು ನಿಂತಿತು. ಇಳಿಯಲು ಎದ್ದವರು ನನ್ನ ಸೀಟಿನ ಹತ್ತಿರ ನಿಂತರು.

"ಗೊತ್ತಿಲ್ಲ ಅಂದ್ರಿ. ಹತ್ತು ವರ್ಷ ಆತು, ಎಲ್ಲಾರೂ ನನಗ ಗೊತ್ತೈತಿ, ನನಗ ಗೊತ್ತೈತಿ ಅಂದ್ರು. ಗೊತ್ತಿಲ್ಲ ಅಂದವ್ರು ನೀವಽ ಮೊದಲನೇರು. ಇಷ್ಟು ಸಾಕ್ರಿ ನನಗ."